ಮದುವೆಗೆ ಹೋದ ಬೀಸುವ ಕಲ್ಲು

'ಮುಟ್ಟಬೇಡಿ' ಎಂಬ ಫಲಕವನ್ನು ಕಂಡ ಕೂಡಲೇ ಮನುಷ್ಯನ ತೋರುಬೆರಳಿಗೆ ಎಲ್ಲಿಂದಲೋ ಒಂದು ತುರಿಕೆ ಹತ್ತಿಕೊಳ್ಳುತ್ತದೆ, ಗಮನಿಸಿದ್ದೀರಾ? ಅಷ್ಟು ಹೊತ್ತು ಆ ವಸ್ತುವಿನ ಕಡೆ ಕಣ್ಣೆತ್ತಿಯೂ ನೋಡದವರು, ಫಲಕ ಓದಿದ ಮೇಲೆ ಆಚೆ ಈಚೆ ಕತ್ತು ತಿರುಗಿಸಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಸಲ ತಟ್ಟಿಯೇ ಮುಂದೆ ಹೋಗುತ್ತಾರೆ. ಬಣ್ಣ ಹಸಿಯಿದೆ ಎಂದು ಬರೆದ ಬಾಗಿಲ ಮೇಲೆ ಬೆರಳ ಗುರುತು ಇಲ್ಲದ್ದನ್ನು ನಾನಂತೂ ಈವರೆಗೆ ಕಂಡಿಲ್ಲ. ಈ ಮಾತನ್ನು ಅಧಿಕಾರವಾಣಿಯಿಂದಲೇ ಹೇಳಬಲ್ಲೆ. ಇಂಡಿ ಊರಿನ ನಮ್ಮ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಅಂಥ ಫಲಕ ಬರೆದವಳು ನಾನೇ, ಕೊನೆಗೆ ಅದನ್ನು ಮೀರಿ ಮುಟ್ಟಿದವಳೂ ನಾನೇ.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ಇತಿಹಾಸದ ಗಂಧಗಾಳಿಯೂ ಇಲ್ಲ. ಸಂಗ್ರಹಾಲಯದ ಸಭೆಗೆ ಹೋದವಳು ಚಹಾ ಕುಡಿಯುತ್ತ ಸುಮ್ಮನೆ ಕುಳಿತದ್ದೇ ತಪ್ಪಾಯಿತು. ಮೌನವೇ ಸಮ್ಮತಿಯೆಂದು ಅಧ್ಯಕ್ಷರಾದ ಸಂಗಪ್ಪ ಮಾಸ್ತರರು ಅಲ್ಲಿಯೇ ನನ್ನನ್ನು ಧರ್ಮದರ್ಶಿಯನ್ನಾಗಿ ಮಾಡಿ ಕೈಗೆ ಬೀಗದ ಕೈ ಕೊಟ್ಟರು. ಧರ್ಮದ ದರ್ಶನ ಇನ್ನೂ ಆಗಬೇಕಾಗಿದೆ. ಧೂಳಿನ ದರ್ಶನ ಮಾತ್ರ ನಿತ್ಯವೂ ಆಗುತ್ತದೆ. ಕಸ ಹೊಡೆಯುವವಳು, ಜೇಡರ ಬಲೆ ತೆಗೆಯುವವಳು, ಯಾರಾದರೂ ಬಂದರೆ ವಿವರಿಸುವವಳು, ಬಾರದಿದ್ದಾಗ ಅದನ್ನೇ ಗೋಡೆಗಳಿಗೆ ವಿವರಿಸುವವಳು, ಎಲ್ಲವೂ ನಾನೇ. ಬಿಸಿಲಲ್ಲಿ ಬಂದವರಿಗೆ ನಮ್ಮೂರ ನಿಂಬೆಹಣ್ಣಿನ ಶರಬತ್ತು ಕೊಡುವ ಪದ್ಧತಿಯನ್ನೂ ನಾನೇ ತಂದೆ. ಶರಬತ್ತಿಗಾಗಿಯೇ ಬರುವವರೂ ಇದ್ದಾರೆಂಬ ಅನುಮಾನ ನನಗಿದೆ.

ಸಂಗಪ್ಪ ಮಾಸ್ತರರ ಜೀವವೆಲ್ಲ ಇರುವುದು ಆ ಹಳೆಯ ಸರಕಾರಿ ಕಟ್ಟಡದ ಎರಡು ಕೋಣೆಗಳಲ್ಲಿ. ಸಾಲಿಯಲ್ಲಿ ಇತಿಹಾಸ ಕಲಿಸುತ್ತಿದ್ದಾಗಲೇ ರವಿವಾರ ಬಂತೆಂದರೆ ಮೋಟರ್‌ಸೈಕಲ್ ಏರಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಅಲೆಯುತ್ತಿದ್ದ ಅವರಿಗೆ ನಾಲ್ಕೂ ಕಡೆಯ ಊರುಗಳ ಅಟ್ಟಗಳು ಬಾಯಿಪಾಠವಾಗಿದ್ದವು. ಇಂಗಳೇಶ್ವರದ ಕೊಳಗ, ನಿಡಗುಂದಿ ಕಡೆ ಅಣೆಕಟ್ಟಿನ ಹಿನ್ನೀರಿಗೆ ಮನೆ ಬಿಟ್ಟು ಬಂದವರ ತೊಟ್ಟಿಲು, ಅಗರಖೇಡದ ಖಾಜಾಬಿಯವರ ಬೀಸುವ ಕಲ್ಲು, ಎಲ್ಲವೂ ಅವರು ಮನೆ ಮನೆಯ ಕಟ್ಟೆಯ ಮೇಲೆ ಕುಳಿತು, ಮಾತಿಗೆ ಮಾತು ಕೂಡಿಸಿ ಪಡೆದು ತಂದವು. ಮಾಸ್ತರರಿಗೆ ಮಕ್ಕಳಿಲ್ಲ. ಇವನ್ನೇ ಅವರು ಹೆಸರು ಹಿಡಿದು ಮಾತಾಡಿಸುತ್ತಾರೆ.

ಆದರೆ ನಮ್ಮ ಕಡೆಯವರು ಕೊಡುವ ರೀತಿಯೇ ಬೇರೆ. 'ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ' ಎಂಬ ಗಾದೆ ಲೋಕಕ್ಕೆಲ್ಲ ಒಪ್ಪಿದರೂ ನಮ್ಮ ಸಂಗ್ರಹಾಲಯಕ್ಕೆ ಒಪ್ಪುವುದಿಲ್ಲ. ಇಲ್ಲಿ ಕೊಟ್ಟವರೇ ಕೊನೆಯವರೆಗೂ ವೀರಭದ್ರರು. ದಾನ ಕೊಡುವುದೆಂದರೆ ಅವರ ಲೆಕ್ಕದಲ್ಲಿ, ಮನೆಯಲ್ಲಿ ಜಾಗ ಸಾಲದ ವಸ್ತುವನ್ನು ಊರಿನ ದೊಡ್ಡ ಅಟ್ಟದಲ್ಲಿ ಇಡುವುದು. ಮನೆಯಲ್ಲಿ ಹೆಸರಿಡುವ ಕಾರ್ಯ ಬಂತೋ, ತೊಟ್ಟಿಲು ಒಯ್ಯುತ್ತಾರೆ. ಸುಗ್ಗಿಯ ರಾಶಿ ಬಂತೋ, ಕಾಳು ಅಳೆಯಲು ಕೊಳಗ ಒಯ್ಯುತ್ತಾರೆ. ಕಾರ್ಯ ಮುಗಿದ ಮೇಲೆ ಒಂದು ತಟ್ಟೆ ಸಿಹಿಯೊಂದಿಗೆ ತಂದು ಇಡುತ್ತಾರೆ. ಕೊಟ್ಟ ಮನೆಯವರಷ್ಟೇ ಅಲ್ಲ, ಅವರ ಬೀಗರು, ಬೀಗರ ನೆರೆಯವರೂ ಒಯ್ಯುತ್ತಾರೆ. ಅಜ್ಜನ ಕಾಲದ ಆ ತೊಟ್ಟಿಲು ಒಮ್ಮೆ ಹಸಿ ಕೂಸಿನ ವಾಸನೆ ಹೊತ್ತು ಮರಳಿ ಬಂದಾಗ ಮಾಸ್ತರರು ಮೂಗು ಮುಚ್ಚಿಕೊಂಡೇ ಸಂರಕ್ಷಣಾ ಶಾಸ್ತ್ರದ ಬಗ್ಗೆ ನನಗೊಂದು ಉಪನ್ಯಾಸ ಕೊಟ್ಟಿದ್ದರು.

ಹೀಗೆ ನಡೆದಿರಲು ಒಂದು ದಿನ ಸುದ್ದಿ ಬಂತು. ನಮ್ಮ ಎರಡು ಕೋಣೆಗಳನ್ನು ಕಚೇರಿಯ ಹಳೆಯ ಕುರ್ಚಿ, ಕಪಾಟು ತುಂಬುವ ಗೋಡಾನ್ ಮಾಡುವ ವಿಚಾರ ಮೇಲಿನವರಿಗೆ ಹೊಳೆದಿದೆಯಂತೆ. ಸಂಗ್ರಹಾಲಯದಿಂದ ಜನರಿಗೆ ನಿಜಕ್ಕೂ ಉಪಯೋಗವಿದೆಯೇ ಎಂದು ನೋಡಲು ಗುರುವಾರ ಅಧಿಕಾರಿಯೊಬ್ಬರು ಬರುತ್ತಾರಂತೆ. ಕೋಣೆ ಹೋದರೆ ಮಾಸ್ತರರ ಒಂದು ಆಯುಷ್ಯದ ದುಡಿಮೆ ಯಾರ್ಯಾರದೋ ದನದ ಕೊಟ್ಟಿಗೆಗೆ ಚದುರಿ ಹೋಗುತ್ತದೆ. ಮಂಡಳಿ ಕೂಡಿತು, ಠರಾವು ಮಾಡಿತು: ಎಲ್ಲ ವಸ್ತುಗಳ ಮೇಲೂ 'ಮುಟ್ಟಬೇಡಿ' ಫಲಕ, ಇನ್ನು ಮುಂದೆ ಒಂದು ಸೂಜಿಯೂ ಹೊಸ್ತಿಲು ದಾಟಕೂಡದು. ಸಿಂದಗಿಗೆ ಹೋಗಿದ್ದ ತೊಟ್ಟಿಲನ್ನು ಮಾತ್ರ ತರಿಸಲಾಗಲಿಲ್ಲ, ಅದರಲ್ಲಿ ಕೂಸು ಮಲಗಿತ್ತು.

ಬುಧವಾರ ಮಧ್ಯಾಹ್ನ ಖಾಜಾಬಿಯವರು ಟಂಟಂ ಗಾಡಿ ಮಾಡಿಕೊಂಡು ಬಂದಿಳಿದರು. ಜೊತೆಗೆ ಇಬ್ಬರು ಗಟ್ಟಿಮುಟ್ಟಾದ ಅಳಿಯಂದಿರು.

"ಅಕ್ಕಾರ, ನಾಳೆ ಮೊಮ್ಮಗಳ ಹಳದಿ ಐತ್ರಿ. ಕಲ್ಲು ಒಯ್ಯಾಕ ಬಂದೇನಿ."

ನಾನು ಠರಾವಿನ ಮಾತು ತೆಗೆದೆ. ಅಧಿಕಾರಿ ಬರುವುದನ್ನೂ ಗೋಡಾನಿನ ಸಂಕಟವನ್ನೂ ಹೇಳಿದೆ. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು.

"ನಿಮಗ ಕಲ್ಲು ಕೊಟ್ಟೇನ್ರಿ. ಮೊಮ್ಮಗಳ ಮದಿವಿ ಕೊಟ್ಟಿಲ್ಲ. ನಮ್ಮತ್ತಿ ನನಗ ಹಳದಿ ಬೀಸಿದ್ದು ಇದರಾಗ, ನಾ ನನ್ನ ಸೊಸಿಗಿ ಬೀಸಿದ್ದು ಇದರಾಗ. ಈ ಹುಡುಗಿಗಿ ಮಿಕ್ಸರಿನಾಗ ತಿರುವಿ ಹಚ್ಚಲೇನ್ರಿ?"

ರಸಾಯನಶಾಸ್ತ್ರದ ಪ್ರಕಾರ ಎರಡೂ ಅರಿಷಿಣ ಒಂದೇ. ಆದರೆ ಆ ಮುಖ ನೋಡುತ್ತ ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ, ಹೇಳಬೇಕೆಂದು ಅನಿಸಲೂ ಇಲ್ಲ. ಬಾಗಿಲು ತೆರೆದು ಅಳಿಯಂದಿರಿಗೆ ದಾರಿ ಬಿಟ್ಟೆ. ಮಾಸ್ತರರಿಗೆ ಆಗಲೇ ಫೋನ್ ಮಾಡಿ ತಿಳಿಸಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು. "ಆತು ಬಿಡ್ರಿ ಅಕ್ಕಾರ, ಇನ್ನ ಗೋಡಾನ್ ಆದಂಗ," ಅಂದು ಫೋನ್ ಇಟ್ಟೇ ಬಿಟ್ಟರು.

ಗುರುವಾರ ಬಂದ ಅಧಿಕಾರಿ ಮೈಸೂರು ಕಡೆಯ ಮಾತಿನ, ಇನ್ನೂ ಹರೆಯದ ಹೆಣ್ಣುಮಗಳು. ಶರಬತ್ತನ್ನೂ ಬೇಡವೆಂದು ಪಕ್ಕಕ್ಕಿಟ್ಟರು. ಒಂದೊಂದೇ ವಸ್ತು ನೋಡುತ್ತ ಬಂದವರು, ನೆಲದ ಮೇಲೆ ದುಂಡಗೆ ಉಳಿದಿದ್ದ ಗುರುತಿನ ಮುಂದೆ ನಿಂತರು.

"ಇಲ್ಲಿ ಏನಿತ್ತು?"

"ಬೀಸುವ ಕಲ್ಲು ಇತ್ರಿ. ಅದು ಸಂಶೋಧನಾಕ್ಕ ಹೋಗೇತ್ರಿ," ಎಂದರು ಮಾಸ್ತರರು, ಗೋಡೆಯನ್ನು ನೋಡುತ್ತ.

ಅಧಿಕಾರಿಯ ದೃಷ್ಟಿ ಮೇಲೆ ಹೋಯಿತು. ಅಲ್ಲಿ ತೊಟ್ಟಿಲಿಲ್ಲದ ಸರಪಳಿಗಳು ತೂಗುತ್ತಿದ್ದವು. "ಇದೂ ಸಂಶೋಧನೆಗೇ ಹೋಗಿದೆಯೇ?"

ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮಾಸ್ತರರ ಹಣೆ ಬೆವರಿತು. ಹೇಗಿದ್ದರೂ ಮುಳುಗುವುದು ಖಚಿತವಾದ ಮೇಲೆ ಚಳಿಯೇನು ಮಳೆಯೇನು ಎಂದು ನಾನೇ ಬಾಯಿ ಬಿಟ್ಟೆ. "ಕಲ್ಲು ಮದಿವಿಗಿ ಹೋಗೇತ್ರಿ ಮೇಡಮ್. ತೊಟ್ಟಿಲು ಹೆಸರಿಡೂದಕ್ಕ ಹೋಗೇತಿ. ನಮ್ಮಲ್ಲಿ ಜನ ಬರೂದು ಕಡಿಮಿ. ಇವೇ ಜನರ ಮನಿಗಿ ಹೋಗಿ ಬರ್ತಾವು."

ಅಧಿಕಾರಿ ಮತ್ತೊಮ್ಮೆ ಆ ದುಂಡಗಿನ ಗುರುತಿನ ಕಡೆ ನೋಡಿದರು. ಆಮೇಲೆ, "ಮದುವೆಮನೆ ದೂರವೇ?" ಎಂದು ಕೇಳಿದರು.

ಜೀಪು ಅಗರಖೇಡ ತಲುಪಿದಾಗ ಮನೆಯಂಗಳದ ಚಪ್ಪರದಡಿ ನಮ್ಮ ಕಲ್ಲು ಗರಗರನೆ ತಿರುಗುತ್ತಿತ್ತು. ಸುತ್ತ ಕುಳಿತ ಹೆಂಗಸರಲ್ಲಿ ಓಣಿಯ ಗೌಡರ ಮನೆಯವರೂ ಇದ್ದರು, ಖಾಜಾಬಿಯವರ ಬೀಗರೂ ಇದ್ದರು. ಒಬ್ಬರು ಹಾಡು ಎತ್ತಿದರೆ ಇನ್ನೊಬ್ಬರು ಗೂಟ ಹಿಡಿಯುತ್ತಿದ್ದರು. ಸಂಗ್ರಹಾಲಯದ ಮೂಲೆಯಲ್ಲಿ ನಾನು ದಿನವೂ ಒರೆಸುತ್ತಿದ್ದ ಆ ಕಲ್ಲಿಗೆ ಇಷ್ಟು ದೊಡ್ಡ ದನಿಯಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಖಾಜಾಬಿಯವರು ಅಧಿಕಾರಿಯನ್ನು ಯಾರು, ಏನು ಎಂದು ಕೇಳಲಿಲ್ಲ.

"ಬಾರವ್ವಾ, ಕೂಡು. ನೀನೂ ಒಂದ್ ಸುತ್ತ ತಿರುವು. ಹಳದಿ ಮನಿಗಿ ಬಂದಾಕಿ ಹಂಗ ಹೋಗಬಾರ್ದು."

ಆ ಹೆಣ್ಣುಮಗಳು ಚಪ್ಪಲಿ ಬಿಟ್ಟು ಕುಳಿತು ಗೂಟ ಹಿಡಿದಳು. ಒಂದು ಸುತ್ತಿಗೆ ನಿಲ್ಲಲಿಲ್ಲ. ಕೈ, ಸೀರೆಯ ಅಂಚು ಹಳದಿಯಾದವು. "ನಮ್ಮ ಅಜ್ಜಿಯ ಮನೆಯಲ್ಲೂ ಒಂದಿತ್ತು," ಎಂದಳು ನನ್ನ ಕಡೆ ತಿರುಗಿ, "ಈಗ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ."

ಏಳುವಾಗ ಅವಳ ಕಣ್ಣಿಗೆ ಬಿದ್ದದ್ದು ಲಾಡು ತುಂಬಿದ ದೊಡ್ಡ ಪರಾತ. ಅದರ ಮುಂದೆ ಠೀವಿಯಿಂದ ನಿಂತಿತ್ತು ನನ್ನ ಕೈಬರಹದ ಫಲಕ: 'ಮುಟ್ಟಬೇಡಿ. ಧರ್ಮದರ್ಶಿ ಮಂಡಳಿಯ ಆಜ್ಞೆಯ ಮೇರೆಗೆ.' ಮಾಸ್ತರರು ಸುಮ್ಮನೆ ಕೆಮ್ಮಿದರು.

"ಕಲ್ಲಿನ ಮ್ಯಾಲ ಇತ್ರಿ, ಅದರದ ಅಂತ ಇದನ್ನೂ ತಂದಿವಿ," ಎಂದರು ಖಾಜಾಬಿ. "ಹುಡುಗರು ಕೈ ಹಚ್ಚಬಾರ್ದಂತ ಇಟ್ಟಿದ್ದೆ. ಇದನ್ನ ಇಟ್ಟಮ್ಯಾಲನ ಲಾಡು ಅರ್ಧಕ್ಕ ಬಂದಾವು ನೋಡ್ರಿ."

ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸುಧಾರಿಸಿಕೊಂಡ ಮೇಲೆ ತಾನೂ ಒಂದು ಲಾಡು ಎತ್ತಿಕೊಂಡಳು. ಮರಳುವ ದಾರಿಯಲ್ಲಿ ಹೇಳಿದ್ದಿಷ್ಟೇ: "ಜನರಿಗೆ ಉಪಯೋಗವಿದೆಯೇ ಎಂದು ಬರೆಯಬೇಕಿತ್ತು. ಖಾಲಿ ಜಾಗ ನೋಡಿ ಇಲ್ಲವೆಂದುಕೊಂಡಿದ್ದೆ. ಆ ಖಾಲಿ ಜಾಗವನ್ನೇ ಬರೆಯುತ್ತೇನೆ."

ಮದುವೆ ಮುಗಿದ ಮೇಲೆ ಕಲ್ಲು ಬಂತು, ಫಲಕವೂ ಬಂತು, ಜೊತೆಗೆ ಲಾಡೂ ಬಂತು. ಕಲ್ಲಿನ ಗೆರೆಗಳಲ್ಲಿ ಉಳಿದ ಅರಿಷಿಣವನ್ನು ಮಾಸ್ತರರು ಸೋಪು ಹಚ್ಚಿ ತೊಳೆಯಲು ಹೊರಟರು. ಸೋಪು ತಗುಲಿದರೆ ಅರಿಷಿಣ ಕೆಂಪಾಗುತ್ತದೆಂದು ನಾನು ತಡೆದೆ. ನನ್ನ ಶಾಸ್ತ್ರದಿಂದ ಸಂಗ್ರಹಾಲಯಕ್ಕೆ ಈವರೆಗೆ ಆದ ಸೇವೆ ಅದೊಂದೇ. ಕೆಲವು ವಾರಗಳ ಮೇಲೆ ಆದೇಶ ಬಂತು: ಎರಡೂ ಕೋಣೆಗಳು ನಮಗೇ. ಮಾಸ್ತರರು ಅದನ್ನು ಓದಿ, ಕನ್ನಡಕ ತೆಗೆದು, ಬಹಳ ಹೊತ್ತು ಒರೆಸಿಕೊಳ್ಳುತ್ತ ನಿಂತರು. "ಆ ಠರಾವು ರದ್ದು ಮಾಡ್ರಿ ಅಕ್ಕಾರ," ಎಂದು ಮೆಲ್ಲಗೆ ಹೇಳಿ, ಸಿಂದಗಿಯಿಂದ ಬಂದಿದ್ದ ತೊಟ್ಟಿಲನ್ನು ಒಮ್ಮೆ ತೂಗಿ ಮನೆಗೆ ಹೋದರು.

ಅಂದು ಸಂಜೆ ಫಲಕಗಳನ್ನೆಲ್ಲ ತೆಗೆದು ಕಟ್ಟಿಟ್ಟೆ. ಮದುವೆಗೆ ಹೋಗಿ ಬಂದದ್ದನ್ನು ಮಾತ್ರ ಉಳಿಸಿ, ಬೇರೆಯೇ ಒಂದು ಮಣೆಯ ಮೇಲೆ ನಿಲ್ಲಿಸಿದೆ. 'ಮುಟ್ಟಬೇಡಿ' ಎಂಬ ಅಕ್ಷರಗಳ ಮೇಲೆಲ್ಲ ತುಪ್ಪ, ಸಕ್ಕರೆ ಪಾಕ ಮೆತ್ತಿದ ಪುಟ್ಟ ಪುಟ್ಟ ಬೆರಳ ಗುರುತುಗಳು ಮೂಡಿದ್ದವು. ಒರೆಸಲೆಂದು ಅರಿವೆ ಎತ್ತಿದವಳು ತಡೆದೆ. ಕಲ್ಲಿನ ಗೆರೆಯಲ್ಲಿ ಬೆರಳಾಡಿಸಿ ಒಂದಿಷ್ಟು ಅರಿಷಿಣ ತೆಗೆದುಕೊಂಡು, ಆಚೆ ಈಚೆ ಕತ್ತು ತಿರುಗಿಸಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಗುರುತುಗಳ ನಡುವೆ ನನ್ನದೂ ಒಂದನ್ನು ಒತ್ತಿದೆ.