ಪುಡಿ ಹಾಕಿದವನ ಪಾಲು

ಕಾಲರಾ ಬಂದ ವರ್ಷ ಆರೋಗ್ಯ ಇಲಾಖೆಯವರು ನನ್ನನ್ನು ಹಳಿಯಾಳಕ್ಕೆ ಕಳಿಸಿದ್ದರು. ಊರಿನ ಗಟಾರವೆಲ್ಲ ಹೋಗಿ ಬೀಳುವ ಹೊಂಡದಲ್ಲೇ ಜನ ಈಜುತ್ತಿದ್ದರು, ಮೀನೂ ಹಿಡಿಯುತ್ತಿದ್ದರು. ಬೇಡವೆಂದು ಡಂಗುರ ಹೊಡೆಸಿದೆ, ಯಾರೂ ಕೇಳಲಿಲ್ಲ. ಕೊನೆಗೆ ರೋಗ ಸಾಯಲೆಂದು ಬಿಳಿ ಔಷಧಿ ಪುಡಿಯನ್ನು ಮೂಟೆಗಟ್ಟಲೆ ಸುರಿಸಿದೆ. ಸತ್ತಿದ್ದು ಮೀನು. ತೇಲಿದ್ದನ್ನು ಕಂಡು ಜನ ಬುಟ್ಟಿ ಹಿಡಿದು ನೀರಿಗಿಳಿದರು. ನಾನು ಕೂಗಿ ಕೂಗಿ ಸೋತೆ.

ಸಂಜೆ ಕಟ್ಟಿಗೆ ಡಿಪೋದಲ್ಲಿ ದುಡಿಯುವ ಸಿದ್ದಿ ಹೆಂಗಸೊಬ್ಬಳು ನನ್ನ ಬಿಡಾರಕ್ಕೆ ಬಂದಳು. ಕೈಯಲ್ಲಿ ಎಲೆ, ಎಲೆಯಲ್ಲಿ ಕೆಂಡದ ಮೇಲೆ ಅರೆಬರೆ ಸುಟ್ಟ ದೊಡ್ಡ ಮೀನು.

“ನಮ್ಮ ಕಾಡಾಗ ಹಳ್ಳಕ್ಕ ತೊಗಟಿ ಜಜ್ಜಿ ಹಾಕಿ, ಮತ್ತೇರಿ ತೇಲಿದ ಮೀನ ಹಿಡಿತೇವ್ರಿ. ಹಾಕಿದವ್ರಿಗೆ ಮೊದಲ ಪಾಲು. ಇದು ನಿಮ್ದು.”

“ಯವ್ವಾ, ಇದು ಜಡ್ಡಿನ ನೀರಿನ ಮೀನು. ನೀವೂ ತಿನಬ್ಯಾಡ್ರಿ, ಚೆಲ್ರಿ.”

“ಪಾಲು ಚೆಲ್ಲಬಾರದ್ರಿ,” ಎಂದು ಮುಖ ಸಣ್ಣದು ಮಾಡಿಕೊಂಡು ಮೀನನ್ನು ವಾಪಸು ಒಯ್ದಳು.

ಎರಡು ದಿನ ಬಿಟ್ಟು ಮತ್ತೆ ಬಂದಳು, ಬರಿಗೈಯಲ್ಲಿ. ದನಿಯಲ್ಲಿ ಸಿಟ್ಟಿರಲಿಲ್ಲ.

“ನಿಮ್ಮ ಪಾಲೂ ನಮ್ಮ ಯಜಮಾನ್ರ ತಿಂದಿದ್ರು, ಸಾಹೇಬ್ರ. ಈಗ ಅವ್ರನ್ನ ಮಣ್ಣ ಮಾಡಿ ಬಂದ್ವಿ. ಮನಿಗೆ ಹಾಕಾಕ ಒಂದೀಟು ಪುಡಿ ಕೊಡ್ರಿ.”

ಕೊಟ್ಟೆ.

ಇಂದಿಗೂ ನನ್ನ ತಾಟಿಗೆ ದೊಡ್ಡ ಮೀನು ಬಿದ್ದರೆ, ಇದು ಯಾರ ಪಾಲು ಎಂದು ಕೇಳುತ್ತೇನೆ. ಮುದುಕನಿಗೆ ಅರಳುಮರಳು ಎಂದು ಮನೆಯವರು ನಗುತ್ತಾರೆ.