ಗಿರಿಧರನ ಸದ್ದಿಲ್ಲದ ಮಣೆ

ನಮ್ಮ ಎದುರು ಮನೆಯ ಗಿರಿಧರನಿಗೆ ಅನುಮಾನ ಕೆಲಸದಿಂದ ಬಂತೋ, ಅನುಮಾನಕ್ಕೆ ತಕ್ಕ ಕೆಲಸವೇ ಅವನಿಗೆ ಸಿಕ್ಕಿತೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅವನ ತಂದೆ ತಿರುನಾರಾಯಣ ಮೇಷ್ಟ್ರು ಹೊಳೆನರಸೀಪುರದ ಕೋಟೆ ಬೀದಿಯಲ್ಲಿ ಬಾಗಿಲು ಬರೀ ಮುಂದಕ್ಕೆಳೆದು ಮಲಗುತ್ತಿದ್ದವರು. ಮಗ ಅದೇ ಬಾಗಿಲಿಗೆ ಚಿಲಕ, ಅದರ ಮೇಲೊಂದು ಬೀಗ ಹಾಕಿ, ಬೀಗವನ್ನು ಜಗ್ಗಿ ನೋಡಿ, ಬೀದಿಯ ಕೊನೆವರೆಗೆ ಹೋದವನು ಮತ್ತೆ ಬಂದು ಜಗ್ಗಿ ನೋಡುತ್ತಿದ್ದ. ಒಳಗೆ ಹೆಂಡತಿ ಇದ್ದಾಗಲೂ ಹೊರಗಿನಿಂದ ಬೀಗ ಹಾಕಿದ್ದುಂಟು. ಆ ದಿನ ನಾನು ಬಾಯಿಗೆ ಬಂದಂತೆ ಬೈದೆ. ನಾನು ಚೂಡಾಮಣಿ, ಹೆಣ್ಣುಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತಿಯಾದವಳು. ಬೀದಿಯವರಿಗೆಲ್ಲ ಚೂಡಕ್ಕ. ಬೈಯುವುದರಲ್ಲಿ ನನಗೆ ಅಭ್ಯಾಸವಿದೆ.

ಗಿರಿಧರ ಕರೆಂಟ್ ಆಫೀಸಿನ ಮೀಟರ್ ರೀಡರ್. ಅರಕಲಗೂಡು ದಾರಿಯ ಹಳ್ಳಿಗಳು ಅವನ ಪಾಲಿಗೆ ಬಂದಿದ್ದವು. ಹದಿನೈದು ವರ್ಷ ಮನೆಮನೆ ಸುತ್ತಿ ಅವನು ಕಲಿತದ್ದು ಇಷ್ಟು: ಮೀಟರ್ ನೋಡಲು ಬಂದವನ ಎದುರು ಯಾವ ಮನೆ ತೀರಾ ಒಪ್ಪವಾಗಿ, ತೀರಾ ಸುಮ್ಮನೆ ಇರುತ್ತದೋ ಆ ಮನೆಯಲ್ಲೇ ಕಳ್ಳತನ. ಕಂಬದ ತಂತಿಗೆ ಹುಕ್ಕು ಹಾಕಿ ಕರೆಂಟ್ ಎಳೆಯುವವರು ಅವನ ಮೊಪೆಡ್ಡಿನ ಸದ್ದು ತೋಪಿನ ತಿರುವಿನಲ್ಲಿ ಕೇಳಿದ ಕೂಡಲೇ ಬಿದಿರು ಕೋಲಿನಿಂದ ಹುಕ್ಕು ಇಳಿಸಿ, ಜಗಲಿಯ ಮೇಲೆ ಕೂತು "ಬನ್ನಿ ಸಾ, ಮಜ್ಗೆ ಕುಡೀರಿ" ಎನ್ನುತ್ತಿದ್ದರು. ಮಜ್ಜಿಗೆಯನ್ನೂ ಅವನು ಮೂಸಿ ನೋಡಿಯೇ ಕುಡಿಯುತ್ತಿದ್ದ.

ಇದೇ ಮೂಗು ಕೊನೆಗೆ ಅವನ ಮನೆಯ ಕಡೆಗೆ ತಿರುಗಿತು. ಸಂಜೆ ಅವನು ಬರುವ ಹೊತ್ತಿಗೆ ಹೆಂಡತಿ ಹಂಸ ಅಡುಗೆಮನೆಯಲ್ಲಿ, ಮಗಳು ರಂಜನಿ ಪುಸ್ತಕದ ಮುಂದೆ, ಒಂದು ಮಾತಿಲ್ಲ, ಒಂದು ಕಸವಿಲ್ಲ. ಇದು ಸಾಲದೆ ಅವನು ಬೆಳಿಗ್ಗೆ ಹೊರಡುವಾಗ ತನ್ನ ಮನೆಯ ಮೀಟರನ್ನೇ ಓದಿಕೊಂಡು ಹೋಗಿ, ಬಂದ ಮೇಲೆ ಮತ್ತೆ ಓದುತ್ತಿದ್ದ.

"ಚೂಡಕ್ಕ, ನಾನಿಲ್ಲದಾಗ ನಮ್ಮನೇಲಿ ಕರೆಂಟ್ ಓಡ್ತಿದೆ. ಟೇಪ್ ರೆಕಾರ್ಡರ್ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಬಚ್ಚಲ ಹತ್ರ ಕಾಫಿ ಲೋಟ ಒಂದು ಜಾಸ್ತಿ ಒದ್ದೆಯಾಗಿರುತ್ತೆ" ಎಂದು ಒಂದು ದಿನ ನನ್ನ ಜಗಲಿಗೆ ಬಂದು ಪಿಸುಗುಟ್ಟಿದ.

"ಆ ಲೋಟ ನಂದು. ಕಾಫಿ ಕುಡಿಯೋಕೆ ನಾನೇ ಹೋಗ್ತೀನಿ" ಎಂದೆ.

"ನೀವು ಅವಳ ಪರ" ಎಂದ. ಆಮೇಲೆ ದನಿ ಇನ್ನೂ ತಗ್ಗಿಸಿ, "ಏನೋ ಇದೆ. ಹಿಡೀತೀನಿ. ಹಿಡಿದ ದಿನ ಅವಳನ್ನ ಅರಕಲಗೂಡು ಬಸ್ ಹತ್ತಿಸ್ತೀನಿ. ಅಣ್ಣನ ಮನೇಲಿ ಇದ್ಕೊಳ್ಳಲಿ" ಎಂದ.

ಅದು ಬಾಯಿಮಾತಲ್ಲ. ಹಠಕ್ಕೆ ಬಿದ್ದರೆ ಮಾಡಿಯೇ ತೀರುವ ಜಾತಿ ಅವನದು. ಹಂಸ ಅಪ್ಪ ಅಮ್ಮ ಇಲ್ಲದ ಹುಡುಗಿ. ಅಣ್ಣನ ಮನೆಯಲ್ಲಿ ಅವಳಿಗೆ ಒಂದು ಚಾಪೆಯ ಜಾಗವೂ ಇರಲಿಲ್ಲ. ಅವನಿಲ್ಲದಾಗ ಆ ಮನೆಯಲ್ಲಿ ಏನು ನಡೆಯುತ್ತದೆಂದು ನನಗೆ ಗೊತ್ತಿತ್ತು. ತಾಯಿ ಮಗಳು ಟೇಪ್ ಹಾಕಿಕೊಂಡು ಕುಣಿಯುತ್ತಿದ್ದರು, ನಗುತ್ತಿದ್ದರು. ಇಷ್ಟೇ ಎಂದು ಹೇಳೋಣವೆಂದರೆ, ಯಾರನ್ನು ನೋಡಿ ನಗುತ್ತಾರೆ ಎಂದು ಕೇಳುವವನು ಅವನು. ಅದಕ್ಕೆ ನನ್ನ ಹತ್ತಿರ ಉತ್ತರವಿದ್ದರೂ ಹೇಳುವಂತಿರಲಿಲ್ಲ.

ಅವನ ಕೈಗೆ ಆ ಗಾಲಿ ಮಣೆ ಸಿಕ್ಕಿದ್ದು ಎರಡು ಸಾವಿರದ ಐದನೇ ಇಸವಿಯಲ್ಲಿ. ನಾಲ್ಕು ಗಾಲಿಯ ಉದ್ದನೆಯ ಹಲಗೆಯ ಮೇಲೆ ನಿಂತು ಊರೂರು ಸುತ್ತುತ್ತಿದ್ದ ಒಬ್ಬ ವಿದೇಶಿ ಹುಡುಗ ನಾಲೆ ಸೇತುವೆಯ ಹತ್ತಿರ ಬಿದ್ದು ಕಾಲು ಉಳುಕಿಸಿಕೊಂಡ. ಗಿರಿಧರ ಅವನನ್ನು ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ತಂದ. ದಯೆಯಿಂದಲ್ಲ, ಇವನು ಬೇಹುಗಾರನಿರಬಹುದೆಂಬ ಗುಮಾನಿಯಿಂದ. ಪಟ್ಟಿ ಕಟ್ಟುವವರೆಗೂ ಪಕ್ಕ ಬಿಟ್ಟು ಕದಲಲಿಲ್ಲ. ಆ ಹುಡುಗ ಇದನ್ನೇ ಪ್ರೀತಿ ಎಂದುಕೊಂಡು, ಬಸ್ಸು ಹತ್ತುವಾಗ ಹಲಗೆಯನ್ನೂ ಬಿಡಿಭಾಗಗಳ ಚೀಲವನ್ನೂ ಇವನಿಗೇ ಕೊಟ್ಟುಬಿಟ್ಟ.

ಬಿಟ್ಟಿ ಬಂದದ್ದನ್ನು ಗಿರಿಧರ ನಂಬುತ್ತಾನೆಯೇ? ಒಳಗೆ ಏನೋ ಅಡಗಿಸಿದ್ದಾನೆಂದು ಹಲಗೆಯನ್ನು ಬೆರಳಿನಿಂದ ಬಡಿದು ನೋಡಿದ, ಗಾಲಿ ಕಳಚಿದ, ಬೇರಿಂಗಿನ ರಬ್ಬರ್ ಮುಚ್ಚಳವನ್ನು ಪಿನ್ನಿನಿಂದ ಎಬ್ಬಿಸಿ ಗುಂಡುಗಳನ್ನು ಬಿಸಿಲಿಗೆ ಹಿಡಿದ. ಏನೂ ಸಿಗಲಿಲ್ಲ. ಆದರೆ ಎಲ್ಲ ಬಿಚ್ಚಿ ಮತ್ತೆ ಜೋಡಿಸುವಷ್ಟರಲ್ಲಿ ಆ ಮಣೆಯ ಕರಾಮತ್ತು ಅವನಿಗೆ ಗೊತ್ತಾಗಿಹೋಗಿತ್ತು.

ಅದರ ಮೇಲೆ ನಿಂತವನು ಕಾಲನ್ನು ನೆಲಕ್ಕೆ ಊರಿ ತಳ್ಳಬೇಕಾಗಿಲ್ಲ. ಮೈಭಾರವನ್ನು ಹಿಮ್ಮಡಿಯಿಂದ ಬೆರಳ ತುದಿಗೆ, ಬೆರಳ ತುದಿಯಿಂದ ಹಿಮ್ಮಡಿಗೆ ತರುತ್ತ, ಸೊಂಟವನ್ನು ಆಚೆ ಈಚೆ ಹೊರಳಿಸುತ್ತ ಹೋದರೆ ಮಣೆ ಬಳುಕುತ್ತ ತಾನೇ ಮುಂದಕ್ಕೆ ನುಗ್ಗುತ್ತದೆ. ನಾಲೆಯ ಏರಿಯ ಮೇಲೆ ನಸುಕಿನಲ್ಲಿ ಬಿದ್ದು ಎದ್ದು, ಮೊಣಕಾಲು ತರಚಿಕೊಂಡು, ಮಳೆಗಾಲ ಕಳೆಯುವಷ್ಟರಲ್ಲಿ ಗಿರಿಧರ ಮೈಲಿಗಟ್ಟಲೆ ಹೋಗುವುದನ್ನು ಕಲಿತ. ಆಗತಾನೇ ಡಾಂಬರು ಕಂಡ ಹಳ್ಳಿ ರಸ್ತೆಗಳು ಅವನಿಗೆ ಒದಗಿ ಬಂದವು. ಜನ ಮಣೆಯ ಅಡಿಗೆ ಬಗ್ಗಿ ಬ್ಯಾಟರಿ ಹುಡುಕಿದರು. ಸಿಗದಿದ್ದಾಗ ಮಾಟ ಎಂದರು.

ಚೀಲದಲ್ಲಿ ಎರಡು ಬಗೆಯ ಗಾಲಿಗಳಿದ್ದವು. ಸಣ್ಣ ಗಟ್ಟಿ ಗಾಲಿ ಹಾಕಿದರೆ ಡಾಂಬರಿನ ಮೇಲೆ ಕಡಕಡ ಸದ್ದು, ಊರ ನಾಯಿಗಳೆಲ್ಲ ಎದ್ದು ಬರುತ್ತಿದ್ದವು. ದೊಡ್ಡ ಮೆತ್ತನೆ ಗಾಲಿ ಜಲ್ಲಿಯನ್ನೂ ನುಂಗಿಕೊಂಡು ಸದ್ದಿಲ್ಲದೆ ಹೋಗುತ್ತಿತ್ತು. ಆದರೆ ಮಣೆ ಜೋರಾಗಿ ವಾಲಿದಾಗ ಗಾಲಿ ಹಲಗೆಯ ಅಡಿಗೆ ಉಜ್ಜಿ ಗಕ್ಕನೆ ನಿಂತು ಸವಾರನನ್ನು ಎತ್ತಿ ಒಗೆಯುತ್ತಿತ್ತು. ಅವನು ಹಳೇ ಟೈರಿನ ತುಂಡು ಕೊಯ್ದು ಹಲಗೆಗೂ ಆಕ್ಸಲ್ಲಿಗೂ ನಡುವೆ ಕೊಟ್ಟು ಎತ್ತರ ಮಾಡಿದ. ಮುಂದಿನ ಆಕ್ಸಲ್ಲಿನ ನಟ್ಟು ಸಡಿಲ, ಹಿಂದಿನದು ಬಿಗಿ. ಹಾಗಿದ್ದರೆ ಮುಂಭಾಗ ಚೆನ್ನಾಗಿ ಬಳುಕುತ್ತದೆ, ಹಿಂಭಾಗ ನಡುಗುವುದಿಲ್ಲ. ನಟ್ಟಿನ ಅಡಿಯ ರಬ್ಬರ್ ಬುಷ್ ಗಡುಸಾದಾಗ ಮೊಪೆಡ್ಡಿನದನ್ನು ಕೆತ್ತಿ ಹಾಕಿದ. ಗ್ರೀಸು ಹಾಕಿದರೆ ಧೂಳು ಒಳಗೆ ಹೋಗುವುದಿಲ್ಲ, ಆದರೆ ಗಾಲಿ ಭಾರವಾಗುತ್ತದೆ. ದೂರ ಹೋಗುವವನಿಗೆ ಅದು ಆಗದೆಂದು ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಒಣಗಿಸಿ, ಹಂಸಳ ಹೊಲಿಗೆ ಮಿಷನ್ನಿನ ಎಣ್ಣೆ ಬಿಡುತ್ತಿದ್ದ. ನಟ್ಟಿನಿಂದ ಬೋಲ್ಟಿಗೆ ಅಡ್ಡಲಾಗಿ ಕೆಂಪು ಬಣ್ಣದ ಗೀಟು ಎಳೆಯುತ್ತಿದ್ದ. ನಟ್ಟು ಒಂಚೂರು ತಿರುಗಿದರೂ ಗೀಟು ಮುರಿಯುತ್ತದೆ. ಓಡಾಟದಲ್ಲಿ ನಟ್ಟು ಸಡಿಲವಾಗುವುದು ಸಹಜ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿದ್ದನೋ ಏನೋ. ಗೀಟು ಮುರಿದಾಗೆಲ್ಲ ಅವನು ನೋಡುತ್ತಿದ್ದುದು ಹೆಂಡತಿಯ ಮುಖವನ್ನು.

ಮಣೆ ಪಳಗಿದ ಮೇಲೆ ಹಳ್ಳಿಗಳಲ್ಲಿ ಅವನ ಬೇಟೆ ಶುರುವಾಯಿತು. ಮೊದಲು ಸಿಕ್ಕವಳು ದೊಡ್ಡತಾಯಮ್ಮ, ಹೊಲ ಗದ್ದೆ ಇದ್ದ ಗಟ್ಟಿ ಹೆಂಗಸು. ಅವಳ ಅಂಗಳದಲ್ಲಿ ಇವನು ಹೋಗಿ ನಿಂತಾಗ ತಂತಿಯ ಮೇಲೆ ಹುಕ್ಕು ತೂಗಾಡುತ್ತಿತ್ತು, ಒಳಗೆ ಕರೆಂಟ್ ಒಲೆಯ ಮೇಲೆ ರಾಗಿ ಮುದ್ದೆ ಬೇಯುತ್ತಿತ್ತು.

"ಏನ್ ಸಾ, ಕಳ್ಳನಂಗೆ ಬಂದ್ಬುಟ್ರಲ್ಲ! ಮನ್ಸರ ಮನೆಗೆ ಬರೋರು ಒಂದ್ ಕೆಮ್ಮಾದ್ರೂ ಕೆಮ್ಮಾಕಿಲ್ವಾ?" ಎಂದಳಂತೆ.

"ಕಳ್ಳರ ಮನೆಗೆ ಕೆಮ್ಮಿ ಬರ್ತಾರಾ?" ಎಂದು ತಾನು ಕೇಳಿದ್ದಾಗಿ ಗಿರಿಧರ ನನ್ನ ಹತ್ತಿರ ಜಂಬ ಕೊಚ್ಚಿಕೊಂಡ.

ಆ ವರ್ಷ ಅವರೇಕಾಯಿ ಕಾಲದಲ್ಲಿ ಅವನು ಹಿತ್ತಿಲಿನಲ್ಲಿ ಮಣೆಯನ್ನು ಬೋರಲು ಹಾಕಿಕೊಂಡು ವಾರವಿಡೀ ಕೂತ. ಹೊಸ ಬೇರಿಂಗು, ಹೊಸ ಬುಷ್. ಗಾಲಿಯನ್ನು ಕಿವಿಯ ಹತ್ತಿರ ತಿರುಗಿಸಿ ಕೇಳುತ್ತಿದ್ದ. ಚುರ್ ಎಂದರೆ ಬಿಚ್ಚಿ ಮತ್ತೆ ತೊಳೆಯುತ್ತಿದ್ದ. ಅಷ್ಟರಲ್ಲಿ ನಮ್ಮ ಬೀದಿಗೂ ಕಾಂಕ್ರೀಟು ಬಿದ್ದಿತ್ತು.

"ಈಗ ಯಾವ ಹಳ್ಳೀನೋ?" ಎಂದೆ.

"ಹಳ್ಳಿ ಮುಗೀತು ಚೂಡಕ್ಕ. ಇನ್ನು ನಮ್ಮನೆ" ಎಂದ. ಗಾಲಿಯಿಂದ ಕಣ್ಣು ತೆಗೆಯಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಹಂಸಳಿಗೆ ಎಚ್ಚರಿಕೆ ಹೇಳೋಣವೆಂದು ಎದ್ದವಳು ಮತ್ತೆ ಕೂತೆ. ಬರಲಿ, ಕಣ್ಣಾರೆ ನೋಡಲಿ, ನಾಚಿಕೆಯಾಗಲಿ ಎಂದುಕೊಂಡೆ. ಆದರೂ ಅವನಿಗೆ ಕಾಣುವುದು ನನಗೆ ಕಂಡದ್ದೇ ಆಗಬೇಕೆಂದೇನಿದೆ? ಅರಕಲಗೂಡಿನ ಬಸ್ಸಿಗೆ ಅವನಿಗೆ ನೆಪ ಬೇಕಾಗಿತ್ತು, ಅಷ್ಟೇ.

ಎರಡು ದಿನ ಕಳೆದು ನಾನು ಜಗಲಿಯ ಮೇಲೆ ಅವರೇಕಾಯಿ ಸುಲಿಯುತ್ತಿದ್ದೆ. ಎದುರು ಮನೆಯಿಂದ ಟೇಪಿನ ಹಾಡು, ಕಾಲ ಗೆಜ್ಜೆಯ ಸದ್ದು ಬರುತ್ತಿತ್ತು. ತಲೆ ಎತ್ತಿದರೆ ಗಿರಿಧರ ಬೀದಿಯ ನಡುವೆ ನಿಂತಿದ್ದಾನೆ. ಯಾವಾಗ ತಿರುವು ದಾಟಿದ, ಯಾವಾಗ ಬಂದ, ಒಂದೂ ಕೇಳಿಸಿರಲಿಲ್ಲ. ಮಣೆಯಿಂದ ಇಳಿದು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನನಗೆ ಬೆರಳಿನಿಂದ ಸುಮ್ಮನಿರುವಂತೆ ಸನ್ನೆ ಮಾಡಿ, ಕಿಟಕಿಯ ಪಕ್ಕದ ಗೋಡೆಗೆ ಒತ್ತಿ ನಿಂತ.

ಒಳಗೆ ಹಾಡು ನಿಂತಿತು. ರಂಜನಿಯ ದನಿ, ದಪ್ಪ ಮಾಡಿಕೊಂಡು: "ಏಯ್, ಈ ಲೋಟ ಯಾಕೆ ಒದ್ದೆ?"

"ಕಾಫಿ ಕುಡಿದೆ ಸಾರ್" ಎಂದಳು ಹಂಸ.

"ಒಬ್ಬಳೇ ಕುಡಿದೆಯಾ? ಮೀಟರ್ ಸೀಲ್ ಒಡೆದಿದೆಯಲ್ಲ! ಈ ನೊಣ ಯಾವ ಕಡೆಯಿಂದ ಬಂತು? ಯಾರ ಪೈಕಿ?"

"ನಂಗೊತ್ತಿಲ್ಲ ಸಾರ್, ಮದುವೆಗೆ ಮುಂಚೆ ನೋಡಿರಲಿಲ್ಲ ಸಾರ್!"

ಹಂಸ ನಕ್ಕಳು. ಗೊರ್ ಎಂದು ಉಸಿರೆಳೆದುಕೊಂಡು, ಮತ್ತೆ ಮತ್ತೆ ನಕ್ಕಳು. ನನಗೂ ನಗು ಉಕ್ಕಿತು. ಗಿರಿಧರನ ಮುಖ ನೋಡಿದವಳೇ ನುಂಗಿಕೊಂಡೆ. ಅವನು ಕಿಟಕಿಯ ಸರಳಿಗೆ ಕೈ ಹಾಕಿದ್ದ. ಮುಗಿಯಿತು, ಈಗ ಬಾಗಿಲು ಒದ್ದುಕೊಂಡು ಒಳಗೆ ಹೋಗುತ್ತಾನೆ ಎಂದು ನಾನು ಮೊರ ಕೆಳಗಿಟ್ಟು ಎದ್ದೆ.

ಅಷ್ಟರಲ್ಲಿ ಹಂಸಳ ಮಾತು ಕೇಳಿಸಿತು. ನಗು ಇನ್ನೂ ಅದರಲ್ಲಿ ತುಳುಕುತ್ತಿತ್ತು. "ಸಾಕು ಕಣೇ, ಅಪ್ಪ ಬರೋ ಹೊತ್ತಾಯ್ತು. ಹೋಗು, ಮುಖ ತೊಳ್ಕೋ."

ಬಚ್ಚಲಲ್ಲಿ ನೀರು ಬಿತ್ತು. ಒಬ್ಬರಾದ ಮೇಲೆ ಒಬ್ಬರು ತೊಳೆದುಕೊಂಡರು. ಪುಸ್ತಕದ ಚೀಲ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

ಗಿರಿಧರ ಸರಳಿನಿಂದ ಕೈ ತೆಗೆದ. ಬೀದಿ ದಾಟಿ ಬಂದು ನನ್ನ ಜಗಲಿಯ ಅಂಚಿನಲ್ಲಿ ಕೂತ. ಅವನನ್ನು ಬೈಯಲು ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದೆ. ಅದನ್ನು ಬಿಟ್ಟು ಮೊರ ಅತ್ತ ಸರಿಸಿ ಅವನಿಗೆ ಜಾಗ ಮಾಡಿಕೊಟ್ಟೆ. ಅಯ್ಯೋ ಎನಿಸಿತು.

"ಅವಳು ಹಂಗೆ ನಗ್ತಾಳೆ ಅಂತ ನಿಮಗೆ ಗೊತ್ತಿತ್ತಾ, ಚೂಡಕ್ಕ?"

"ಗೊತ್ತಿತ್ತು."

"ಯಾವಾಗಿಂದ?"

"ಮದುವೆಯಾಗಿ ಬಂದಾಗಿಂದ. ನೀನು ಮನೇಲಿ ಇಲ್ಲದಾಗ" ಎಂದೆ.

ಹಂಸ ಬಾಗಿಲಿಗೆ ಬಂದವಳು ಅವನನ್ನು ಇಲ್ಲಿ ಕಂಡು ಬೆಚ್ಚಿದಳು. ಸೆರಗಿನಿಂದ ಮುಖ ಇನ್ನೊಮ್ಮೆ ಒರೆಸಿಕೊಂಡಳು. "ಯಾವಾಗ ಬಂದ್ರಿ?"

"ಈಗ" ಎಂದ ಗಿರಿಧರ. "ಈಗ ತಾನೇ ಬಂದೆ."

ಹಂಸ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.

ಅರಕಲಗೂಡಿನ ಬಸ್ಸಿನ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ. ಹಾಗೆಂದು ಮನುಷ್ಯ ಬದಲಾಗಿಬಿಟ್ಟ ಎಂದು ನಾನು ಹೇಳುವುದಿಲ್ಲ. ಮನೆಯೊಳಗೆ ಹೇಗೆ ನಗುವುದು, ಯಾರಾದರೂ ನಕ್ಕರೆ ಎದುರಿಗೆ ಹೇಗೆ ಕೂರುವುದು ಎಂಬುದು ಅವನಿಗೆ ಗೊತ್ತಿರಲಿಲ್ಲ, ಕಲಿಯಲೂ ಇಲ್ಲ. ಅವನು ಮಾಡಿದ್ದು ಒಂದೇ. ದಿನವೂ ತಡವಾಗಿ ಮನೆಗೆ ಬರತೊಡಗಿದ. ಹೊಳೆಯ ದಡದ ಮೆಟ್ಟಿಲಿನ ಮೇಲೆ ಮಣೆಯನ್ನು ಬೋರಲು ಹಾಕಿ, ತೊಳೆದ ಬೇರಿಂಗನ್ನೇ ಮತ್ತೆ ತೊಳೆಯುತ್ತ, ಬಿಗಿಯಾಗಿದ್ದ ನಟ್ಟನ್ನೇ ಮತ್ತೆ ಬಿಗಿಯುತ್ತ ಕತ್ತಲಾಗುವವರೆಗೆ ಕೂತಿರುವುದನ್ನು ನಾನೇ ಕಂಡಿದ್ದೇನೆ. ಕಂಡರೂ ಮಾತಾಡಿಸದೆ ಬಂದಿದ್ದೇನೆ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಹಂಸ ನನಗೆ ಕಾಫಿ ಕೊಟ್ಟು ಪಕ್ಕದಲ್ಲಿ ಕೂತಳು. ಒಳಗೆ ಟೇಪ್ ಹಾಡುತ್ತಿತ್ತು, ರಂಜನಿ ಕುಣಿಯುತ್ತಿದ್ದಳು. ಹಂಸ ಮಾತ್ರ ಬೀದಿಯ ತಿರುವನ್ನೇ ನೋಡುತ್ತಿದ್ದಳು.

"ಚೂಡಕ್ಕ, ಇವರು ದಿನಾ ತಡ ಮಾಡ್ತಾರೆ. ಕೇಳಿದ್ರೆ ಮಾತು ಹಾರಿಸ್ತಾರೆ. ಕೈಯೆಲ್ಲ ನಮ್ಮ ಮಿಷನ್ ಎಣ್ಣೆ ವಾಸನೆ. ಯಾರ ಮನೇಲಿ ಕೂತು ಬರ್ತಾರೋ" ಎಂದು ದನಿ ತಗ್ಗಿಸಿದಳು. "ನಂಗೆ ಯಾಕೋ ಅನುಮಾನ. ನಿಮಗೇನಾದ್ರೂ ಗೊತ್ತಾ?"

ಗೊತ್ತಿಲ್ಲ ಎಂದೆ. ಹೊಳೆಯ ಮೆಟ್ಟಿಲಿನ ಮೇಲೆ ಕೂತಿರುತ್ತಾನೆ ಎಂದರೆ ಯಾಕೆ ಎಂದು ಕೇಳುತ್ತಾಳೆ. ಅವನು ಕಿಟಕಿಯ ಪಕ್ಕ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಎಂದು ಹೇಳಿದರೆ, ಅವಳು ಆಮೇಲೆ ಒಬ್ಬಳೇ ಇದ್ದಾಗಲೂ ನಗುವುದಿಲ್ಲ.