ಒಂದೂಕಾಲು ಸುತ್ತು

ಗೌರಿಬಿದನೂರಿನಲ್ಲಿ ಲಾರಿಗಳು ನಿಲ್ಲುವ ಬಯಲಿನ ಹಿಂದೆ ವೆಂಕಟರವಣಪ್ಪನ ಶೆಡ್ಡಿದೆ. ಲಾರಿ ಎಂಜಿನ್ನಿಗೆ ಡೀಸೆಲ್ ಅಳೆದು ಕೊಡುವ ಪಂಪುಗಳ ರಿಪೇರಿ ಬಿಟ್ಟರೆ ಆತ ಬೇರೆ ಕೆಲಸಕ್ಕೆ ಕೈ ಹಾಕುವುದಿಲ್ಲ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯವನು. ಅಪ್ಪ ರೇಷ್ಮೆ ನೂಲು ತೆಗೆಯುವ ಕಡೆ ಗೂಡು ಬೇಯಿಸುತ್ತಿದ್ದ. ಮಗ ಚಿಂತಾಮಣಿಯಲ್ಲಿ ಒಂಬತ್ತು ವರ್ಷ ಪಂಪ್ ಬಿಚ್ಚಿ ಜೋಡಿಸುವುದನ್ನು ಕಲಿತು, ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಗೆ ಕಿವಿಯಿಟ್ಟು ಆಲಿಸಿದರೆ, ಆರರಲ್ಲಿ ಯಾವ ಸಿಲಿಂಡರ್ ಸೋಮಾರಿಯಾಗಿದೆ ಎಂದು ಹೇಳಿಬಿಡುತ್ತಾನೆ.

ಹರಿಕೃಷ್ಣ ಅವನ ಶೆಡ್ಡಿಗೆ ಹೆಚ್ಚುಕಡಿಮೆ ದಿನವೂ ಬರುತ್ತಿದ್ದ. ಅಲೀಪುರದ ದಾರಿಯ ಹಳ್ಳಿಯೊಂದರ ಚೆನ್ನರಾಯಪ್ಪನವರ ಒಬ್ಬನೇ ಮಗ. ಅಪ್ಪನ ಲಾರಿಯಲ್ಲಿ ಮೆಕ್ಕೆಜೋಳದ ಮೂಟೆ ಸಾಗಿಸುತ್ತಿದ್ದ. ನಾಲ್ಕು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ನಿಂತು "ಅಣ್ಣಾ, ಟೀ ಆಯ್ತಾ?" ಅನ್ನುವನು. ಆಗದಿದ್ದರೂ ಆಗಿದ್ದರೂ ಇಬ್ಬರೂ ಹೋಗಿ ಕುಡಿಯುವರು.

ಎರಡು ವರ್ಷದ ಹಿಂದೆ ಅವನು ಒಂದು ಕಾರು ಕೊಂಡ. ಅದರ ಜೊತೆ ಬಂದ ಪುಸ್ತಕವನ್ನು ಶೆಡ್ಡಿಗೇ ತಂದ.

"ನೋಡಣ್ಣಾ, ಸಾವಿರದೈನೂರು ಸಿಸಿ ಎಂಜಿನ್ನು, ನೂರೈವತ್ತು ಹಾರ್ಸ್‌ಪವರ್. ನಮ್ ಲಾರಿದು ಹತ್ರ ಹತ್ರ ಆರು ಸಾವಿರ ಸಿಸಿ. ಅದು ಕೊಡೋದು ನೂರಾ ಮೂವತ್ತೈದು! ನಾಲ್ಕು ಪಟ್ಟು ದೊಡ್ಡ ಎಂಜಿನ್ನು, ಪವರ್ ಕಮ್ಮಿ. ಕಂಪನಿಯೋರು ಕಟ್ಟಿಹಾಕಿ ಕಳಿಸಿದ್ದಾರೆ."

"ಕಟ್ಟಿಹಾಕಿಲ್ಲ ಕಣಪ್ಪ," ಎಂದ ವೆಂಕಟರವಣಪ್ಪ. "ನಿನ್ ಕಾರು ಆ ನೂರೈವತ್ತು ಕೊಡಬೇಕಂದ್ರೆ ನಿಮಿಷಕ್ಕೆ ಐದೂವರೆ ಸಾವಿರ ಸುತ್ತು ತಿರುಗಬೇಕು. ಲಾರಿ ಎರಡೂವರೆ ಸಾವಿರಕ್ಕೇ ತನ್ನದು ಕೊಡ್ತದೆ. ಅಂದ್ರೆ ಒಂದೊಂದು ಸುತ್ತಿಗೆ ಎಳೆಯೋ ಜೋರು ಯಾರ್ದು ಜಾಸ್ತಿ, ನೀನೇ ಲೆಕ್ಕ ಹಾಕು. ಅದೂ ಅಲ್ದೆ ಕಾರು ಪೂರ್ತಿ ಪವರ್ ಕೊಡೋದು ಓವರ್‌ಟೇಕ್ ಮಾಡೋ ಹತ್ತು ಸೆಕೆಂಡು. ಲಾರಿ ಏರು ಹತ್ತುವಾಗ ಅರ್ಧ ಗಂಟೆ ಬಿಡದಂಗೆ ಕೊಡಬೇಕು. ಆ ಬಿಸಿ ತಡೆಯಕ್ಕೇ ಅಷ್ಟು ಕಬ್ಬಿಣ ಹಾಕಿರೋದು."

ಹರಿಕೃಷ್ಣ ಕೇಳಿಸಿಕೊಂಡ. ಒಪ್ಪಲಿಲ್ಲ. ಒಂದು ವಾರ ಅದನ್ನೇ ಹಿಡಿದು ಕೂತ. ಕೊನೆಗೆ ನಗುತ್ತಾ, "ಚಿಂತಾಮಣಿಲಿ ಒಬ್ಬರು ಪಂಪ್ ತಿರುವಿ ಪವರ್ ಜಾಸ್ತಿ ಮಾಡಿಕೊಡ್ತಾರಂತೆ. ನಿಮಗೆ ಬರಲ್ಲ ಅಂದ್ರೆ ಅಲ್ಲಿಗೇ ಹೋಗ್ತೀನಿ ಬಿಡಣ್ಣಾ" ಎಂದ.

ಬರಲ್ಲ ಎಂಬ ಮಾತು ಚುಚ್ಚಿತು. ಯಾರೂ ಮುಟ್ಟದಿರಲೆಂದು ಕಂಪನಿಯವರು ಪಂಪಿಗೆ ಹಾಕಿದ್ದ ಸೀಸದ ಸೀಲನ್ನು ವೆಂಕಟರವಣಪ್ಪ ಕತ್ತರಿಸಿದ. ಒಳಗಿನ ತಿರುಪನ್ನು ಒಂದೂಕಾಲು ಸುತ್ತು ತಿರುಗಿಸಿದ. ಎಂಜಿನ್ನಿಗೆ ಹೋಗುವ ಡೀಸೆಲ್ ಹೆಚ್ಚಾಯಿತು. ಅಂದಿನಿಂದ ಲಾರಿ ಕರಿ ಹೊಗೆ ಉಗುಳುತ್ತಾ, ಮುಂಚೆ ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಿದ್ದ ಏರನ್ನು ಮೂರನೇ ಗೇರಿನಲ್ಲೇ ಹತ್ತತೊಡಗಿತು. ಹರಿಕೃಷ್ಣ ಒಂದು ಬುಟ್ಟಿ ದ್ರಾಕ್ಷಿ ತಂದುಕೊಟ್ಟ. ಲಾರಿಯವರಿಗೆಲ್ಲ ಹೇಳಿಕೊಂಡು ತಿರುಗಿದ.

ಮೂರನೇ ತಿಂಗಳು, ಬಿರುಬೇಸಿಗೆಯ ಮಧ್ಯಾಹ್ನ, ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರದ ಕಡೆಗೆ ಏರು ಹತ್ತುವಾಗ ಲಾರಿಯ ಎಂಜಿನ್ ಒಡೆಯಿತು. ಪಿಸ್ಟನ್ ಹಿಡಿದಿದ್ದ ಕನೆಕ್ಟಿಂಗ್ ರಾಡ್ ಎಂಜಿನ್ನಿನ ಪಕ್ಕದ ಗೋಡೆ ಸೀಳಿಕೊಂಡು ಹೊರಬಂತು. ಕಾದ ಆಯಿಲ್ ಹೊಗೆಯ ಬಿಸಿಗೆ ಕೆಂಪಗಾಗಿದ್ದ ಟರ್ಬೋ ಮೇಲೆ ಚಿಮ್ಮಿ ಬೆಂಕಿ ಹೊತ್ತಿತು. ಹರಿಕೃಷ್ಣ ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿಯೇ ಹಾರಿದ. ಅಷ್ಟರಲ್ಲಿ ಬೆಂಕಿ ಕ್ಯಾಬಿನ್ನಿಗೆ ನುಗ್ಗಿತ್ತು.

ಆಸ್ಪತ್ರೆಯಲ್ಲಿ ಮೂರು ದಿನ ಬದುಕಿದ್ದ. ಎರಡನೇ ದಿನ ವೆಂಕಟರವಣಪ್ಪ ಹೋದಾಗ ಬ್ಯಾಂಡೇಜಿನ ನಡುವೆ ಕಣ್ಣು ತೆರೆದು, "ಚೆನ್ನಾಗಿ ಎಳೀತಿತ್ತಣ್ಣಾ ಗಾಡಿ" ಎಂದ. ಅಷ್ಟೇ ಮಾತು. ಬೈದಿದ್ದರೆ ಚೆನ್ನಾಗಿತ್ತು.

ಅವನಿನ್ನೂ ಆಸ್ಪತ್ರೆಯಲ್ಲಿರುವಾಗಲೇ ಲಾರಿ ನೋಡಲು ಬಂದ ವಿಮೆಯವರು, ಎಂಜಿನ್ನಿನಲ್ಲಿ ಆಯಿಲೇ ಇಲ್ಲ, ನೋಡಿಕೊಳ್ಳದೆ ಓಡಿಸಿದ್ದಾನೆ ಎಂದು ಬರೆದುಕೊಂಡು ಹೋದರು. ಚೆನ್ನರಾಯಪ್ಪನವರು ಅದನ್ನೇ ಹಿಡಿದುಕೊಂಡರು. ಸತ್ತ ಮಗನ ಮೇಲೆ ಅವರಿಗೆ ಎಷ್ಟು ಸಿಟ್ಟೆಂದರೆ, ಹೆಸರೆತ್ತಿದವರಿಗೆಲ್ಲ "ಬೇಜವಾಬ್ದಾರಿ ನನ್ಮಗ, ಅವನ ಸಾವು ಅವನೇ ತಂದ್ಕೊಂಡ" ಅನ್ನುವರು.

ವೆಂಕಟರವಣಪ್ಪ ತಿರುಪಿನ ವಿಷಯ ಬಾಯಿಬಿಡಲಿಲ್ಲ. ಯಾರೂ ಅವನನ್ನು ಕೇಳಲಿಲ್ಲ. ಆದರೆ ಊಟಕ್ಕೆ ಕೂತಾಗ ಬಲಗೈ ತಟ್ಟೆಯ ಮೇಲೆ ತಾನಾಗಿಯೇ ತಿರುಗುತ್ತಿತ್ತು. ಒಂದು ಸುತ್ತು, ಆಮೇಲೆ ಕಾಲು.

"ಏನ್ರೀ ಅದು, ಕೈ ಹಂಗ್ಯಾಕೆ ಆಡ್ತದೆ?" ಎಂದಳು ಹೆಂಡತಿ ಆಂಜಿನಮ್ಮ.

"ನೋವು" ಎಂದ.

ಒಂದು ದಿನ ಪಂಪಿನ ಮೇಲೆ ಬಾಗಿ ಕೆಲಸ ಮಾಡುತ್ತಿದ್ದಾಗ ಬೆನ್ನ ಹಿಂದೆ ಕೇಳಿಸಿತು: ಅಣ್ಣಾ, ಟೀ ಆಯ್ತಾ? "ಇಲ್ಲಪ್ಪ, ಇರು ಬಂದೆ" ಎಂದು ಕೈ ಒರೆಸಿಕೊಂಡು ತಿರುಗಿದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಪಂಪ್ ತಂದಿದ್ದ ಡ್ರೈವರು, "ಯಾರ ಜೊತೆ ಮಾತಾಡ್ತಿದ್ದೀರಿ?" ಎಂದ. ಅಂದಿನಿಂದ ನಾಲ್ಕು ಗಂಟೆಯಾದರೆ ವೆಂಕಟರವಣಪ್ಪ ಬಾಗಿಲಿಗೆ ಬೆನ್ನು ಮಾಡುತ್ತಿರಲಿಲ್ಲ. ಆದರೂ ಬರುವವನು ಬರುತ್ತಿದ್ದ. ಸಿಟ್ಟಿಲ್ಲ, ದೂರಿಲ್ಲ, ಅದೇ ನಗುದನಿ.

ಆರು ತಿಂಗಳು ಹೀಗೆ ಕಳೆದವು. ಕೊನೆಗೆ ಚಿಕ್ಕಬಳ್ಳಾಪುರದ ಗುಜರಿಗೆ ಹೋಗಿ ಆ ಎಂಜಿನ್ನನ್ನು ಹುಡುಕಿದ. ತನ್ನದೇ ಸ್ಪ್ಯಾನರ್‌ನಿಂದ ಬಿಚ್ಚಿದ. ಆಯಿಲ್ ಇಲ್ಲದೆ ಓಡಿದ್ದರೆ ಒಳಗಿನ ಬೇರಿಂಗುಗಳೆಲ್ಲ ಉಜ್ಜಿ ನೀಲಿಗಟ್ಟಿರಬೇಕಿತ್ತು. ರಾಡ್ ಮುರಿದಿದ್ದ ಐದನೇ ಸಿಲಿಂಡರಿನ ಜಾಗ ಬಿಟ್ಟರೆ ಉಳಿದ ಐದೂ ಕಡೆ ಬೇರಿಂಗುಗಳು ನುಣ್ಣಗೆ, ಕಲೆಯಿಲ್ಲದೆ ಇದ್ದವು. ಆಯಿಲ್ ಇತ್ತು; ಗೋಡೆ ಒಡೆದ ಮೇಲೆ ಸುರಿದುಹೋಗಿತ್ತು. ಐದನೇ ಪಿಸ್ಟನ್ನಿನ ತಲೆ ಮೇಣದಂತೆ ಕರಗಿ ತೂತಾಗಿ, ಅದು ಸಿಕ್ಕಿಕೊಂಡು ರಾಡ್ ಮುರಿದಿತ್ತು. ಅದು ಹೆಚ್ಚಾದ ಡೀಸೆಲಿನ ಬಿಸಿ. ಅವನು ಹರಿಕೃಷ್ಣನಿಗೆ ಹೇಳಿದ್ದ ಅದೇ ಬಿಸಿ.

ಕರಗಿದ ಪಿಸ್ಟನ್ನನ್ನೂ ಎರಡು ಬೇರಿಂಗುಗಳನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಕುಡುಮಲಕುಂಟೆಗೆ ಹೋದ. ಹರಿಕೃಷ್ಣನ ಹೆಂಡತಿ ಲಾವಣ್ಯ ಅಲ್ಲಿನ ಕಾರ್ಖಾನೆಯೊಂದಕ್ಕೆ ಸೇರಿದ್ದಳು. ಶಿಫ್ಟು ಮುಗಿಸಿ ಗೇಟಿನಿಂದ ಹೊರಬಂದವಳಿಗೆ ಬೇವಿನ ಮರದ ಕೆಳಗೆ ನಿಂತು ಎಲ್ಲ ಹೇಳಿದ.

ಅವಳು ಬೇರಿಂಗನ್ನು ಬೆರಳಿನಿಂದ ಸವರಿ ನೋಡಿದಳು. "ಅಂದ್ರೆ ಅವರು ಆಯಿಲ್ ನೋಡಿದ್ರು?"

"ನೋಡಿದ್ದ ಕಣಮ್ಮ."

"ದಿನಾ ನೋಡ್ತಿದ್ರು. ನಾನು ಹೇಳಿದ್ರೆ ಯಾರೂ ನಂಬಲಿಲ್ಲ." ಅವಳು ಅಳಲಿಲ್ಲ. ಬೇರಿಂಗನ್ನು ಬಟ್ಟೆಯೊಳಗೆ ಹಿಂದಿಟ್ಟಳು. "ಇನ್ಯಾರ ಗಾಡಿಗಾದ್ರೂ ಹಿಂಗೇ ಮಾಡಿಕೊಟ್ಟಿದ್ದೀರಾ?"

ಅವನು ಹೆದರಿದ್ದ ಪ್ರಶ್ನೆ ಅದೇ. ಹರಿಕೃಷ್ಣನ ಮಾತು ಕೇಳಿ ಬಂದವರ ನಾಲ್ಕು ಲಾರಿಗಳ ಸೀಲು ಕತ್ತರಿಸಿದ್ದನ್ನೂ ಹೇಳಿದ.

"ಅವು ಇವತ್ತೂ ಓಡ್ತಾ ಇದಾವಾ?"

"ಓಡ್ತಾ ಇದಾವೆ."

"ಮೊದ್ಲು ನಮ್ಮ ಮಾವನ ಹತ್ರ ಬಂದು ಹೇಳಿ. ಆಮೇಲೆ ಅವರ ಹತ್ರ ಹೋಗಿ. ಇವತ್ತೇ" ಎಂದಳು. ಅವಳ ದನಿಯಲ್ಲಿ ಕ್ಷಮೆ ಇರಲಿಲ್ಲ, ಕೋಪಕ್ಕೂ ಪುರುಸೊತ್ತಿರಲಿಲ್ಲ.

ಚೆನ್ನರಾಯಪ್ಪನವರು ಅಂಗಳದ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಪಿಸ್ಟನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಕೇಳಿದರು.

"ಅವನೇ ಮಾಡು ಅಂದ್ನಾ?"

"ಅಂದ. ಎಂಜಿನ್ನು ಆ ಬಿಸಿ ತಡೆಯಲ್ಲ ಅಂತ ನನಗೆ ಗೊತ್ತಿತ್ತು ಸ್ವಾಮಿ. ಗೊತ್ತಿದ್ದೂ ತಿರುಗಿಸಿದೆ."

ಚೆನ್ನರಾಯಪ್ಪನವರು ಪಿಸ್ಟನ್ನಿನ ತೂತಿಗೆ ಬೆರಳು ಹಾಕಿ ನೋಡಿದರು. "ಆರು ತಿಂಗಳು ಬೈದೆನಲ್ಲೋ ಅವನ್ನ," ಎಂದರು. "ಮಣ್ಣು ಹಾಕುವಾಗಲೂ ಬೈದೆ." ಆಮೇಲೆ ಎದ್ದು, "ನೀನು ಈ ಕಡೆ ಮತ್ತೆ ಬರಬೇಡಪ್ಪ" ಎಂದು ಒಳಗೆ ಹೋದರು. ಪಿಸ್ಟನ್ನನ್ನು ಹಿಂದಕ್ಕೆ ಕೊಡಲಿಲ್ಲ.

ಮಾರನೆಯ ಬೆಳಿಗ್ಗೆ ವೆಂಕಟರವಣಪ್ಪ ಲಾರಿಗಳ ಬಯಲಿನಲ್ಲಿ ಡ್ರೈವರುಗಳೆದುರು ನಿಂತು ಎಲ್ಲವನ್ನೂ ಹೇಳಿದ. ಕೆಲವರು ಉಗಿದರು. ಕೆಲವರು ಅವನ ಶೆಡ್ಡಿಗೆ ಬರುವುದನ್ನೇ ಬಿಟ್ಟರು. ಮೂರು ಲಾರಿಗಳು ಆ ವಾರವೇ ಬಂದವು. ತಿರುಪನ್ನು ಮೊದಲಿನ ಜಾಗಕ್ಕೆ ತಂದು ಹೊಸ ಸೀಲು ಒತ್ತಿ ಕಳಿಸಿದ.

ನಾಲ್ಕನೆಯದನ್ನು ಅದರ ಯಜಮಾನ ಆಂಧ್ರದ ಕಡೆಯವರಿಗೆ ಮಾರಿದ್ದ. ಕೊಂಡವರು ಇನ್ನೊಬ್ಬರಿಗೆ ಕೊಟ್ಟಿದ್ದರು. ಮಂಗಳವಾರ ಶೆಡ್ಡಿಗೆ ರಜೆ. ವೆಂಕಟರವಣಪ್ಪ ಬಸ್ಸು ಹತ್ತಿ ಹಿಂದೂಪುರಕ್ಕೆ ಹೋಗಿ, ಲಾರಿಗಳು ನಿಲ್ಲುವ ಕಡೆಯೆಲ್ಲ ನಂಬರು ಹೇಳಿ ತೆಲುಗಿನಲ್ಲಿ ವಿಚಾರಿಸುತ್ತಾನೆ. ಒಬ್ಬ ಪೆನುಕೊಂಡ ಅನ್ನುತ್ತಾನೆ, ಇನ್ನೊಬ್ಬ ಕದಿರಿ ಅನ್ನುತ್ತಾನೆ. ಒಂದು ವರ್ಷದಿಂದ ಹುಡುಕುತ್ತಿದ್ದಾನೆ. ಅದನ್ನು ಓಡಿಸುತ್ತಿರುವವನ ಹೆಸರು ಅವನಿಗೆ ಗೊತ್ತಿಲ್ಲ. ಆ ಗಾಡಿ ಏರಿನಲ್ಲಿ ಚೆನ್ನಾಗಿ ಎಳೆಯುತ್ತಿರುತ್ತದೆ ಎನ್ನುವುದಷ್ಟೇ ಗೊತ್ತು.